ನಾಲ್ಕು ಕಾಲಿನ ಹಾವು

ನಾಲ್ಕು ದಿಕ್ಕಿಗೂ ಸಮುದ್ರವೇ ಬೇಲಿಯಾಗಿದ್ದ ಒಂದು ಕಾಡಿನಲ್ಲಿ ಸುಳ್ಳು ಎಂಬುದು ಇನ್ನೂ ಹುಟ್ಟಿರಲಿಲ್ಲ. ಅದು ಅಲ್ಲಿನ ಪ್ರಾಣಿಗಳ ಹೆಚ್ಚುಗಾರಿಕೆಯೇನೂ ಅಲ್ಲ. ಆ ದ್ವೀಪ ಬೇರೆಲ್ಲ ದಡಗಳಿಂದ ಬಹಳ ದೂರದಲ್ಲಿತ್ತು. ಸುಳ್ಳು ಹೇಳುವವರು ಅಲ್ಲಿಯವರೆಗೆ ತೇಲಿ ಬಂದಿರಲಿಲ್ಲ, ಅಷ್ಟೆ.

ದ್ವೀಪದ ಅಂಚಿನಲ್ಲಿ ಕೇದಿಗೆಯ ಪೊದೆಗಳು ಊರುಗೋಲಿನಂತಹ ಬೇರುಗಳನ್ನು ಮರಳಿಗೆ ಊರಿ ನಿಂತಿದ್ದವು. ಅವುಗಳ ಹಿಂದೆ ತೆಂಗು, ತೆಂಗಿನ ಹಿಂದೆ ಸುರಹೊನ್ನೆ ಮರಗಳು. ಹೆದರಿಸುವವರು ಯಾರೂ ಇಲ್ಲದ ಕಾರಣ ಅಲ್ಲಿನ ಹುಂಡುಕೋಳಿಗಳು ಹಾರುವುದನ್ನು ಎಂದೋ ಬಿಟ್ಟುಬಿಟ್ಟಿದ್ದವು. "ಯಾರಿದ್ದಾರೆ ಎಂದು ಹಾರಿಹೋಗಬೇಕು?" ಎಂದು ಅವು ಕೇಳುತ್ತಿದ್ದವು. ಆಗ ಆ ಪ್ರಶ್ನೆ ಸರಿಯಾಗಿಯೇ ಇತ್ತು.

ಅದೇ ಕಾಡಿನಲ್ಲಿ ಗುಪ್ಪೆಕೋಳಿಗಳೂ ಇದ್ದವು. ಇವು ಮೊಟ್ಟೆಯ ಮೇಲೆ ಕೂತು ಕಾವು ಕೊಡುವ ಕೋಳಿಗಳಲ್ಲ. ಒಣ ಎಲೆ, ಹಸಿ ಎಲೆ, ಮರಳು ಎಲ್ಲವನ್ನೂ ಕಾಲಿನಿಂದ ಕೆದರಿ ದೊಡ್ಡ ಗುಪ್ಪೆ ಹಾಕಿ, ಅದರೊಳಗೆ ಮೊಟ್ಟೆ ಹೂಳುತ್ತಿದ್ದವು. ಎಲೆ ಕೊಳೆತಂತೆ ಗುಪ್ಪೆ ಬಿಸಿಯಾಗುತ್ತಿತ್ತು. ಆ ಬಿಸಿಯೇ ಕಾವು. ದಿನಕ್ಕೆರಡು ಸಲ ಗುಪ್ಪೆಯೊಳಗೆ ಕೊಕ್ಕು ತೂರಿಸಿ ಬಿಸಿ ನೋಡುವುದಷ್ಟೇ ತಾಯಿಯ ಕೆಲಸ. ಬಿಸಿ ಹೆಚ್ಚಾದರೆ ಮರಳು ಸರಿಸುವುದು, ಕಡಿಮೆಯಾದರೆ ಎಲೆ ಹೊದಿಸುವುದು. ಮರಿ ತಾನೇ ಚಿಪ್ಪೊಡೆದು, ತಾನೇ ಮೇಲಕ್ಕೆ ತೋಡಿಕೊಂಡು ಬಂದು, ಯಾರ ಮುಖವನ್ನೂ ನೋಡದೆ ಕಾಡಿನೊಳಗೆ ಓಡಿಬಿಡುತ್ತಿತ್ತು. ಒಂದು ಕಟ್ಟುನಿಟ್ಟು ಮಾತ್ರ ಇತ್ತು: ಒಮ್ಮೆ ಹೂತ ಮೊಟ್ಟೆಯನ್ನು ಅಲುಗಿಸುವಂತಿಲ್ಲ. ಅಲುಗಿದ ಮೊಟ್ಟೆಯಿಂದ ಮರಿ ಬರುವುದಿಲ್ಲ.

ಆ ವರ್ಷ ತನ್ನ ಮೊದಲ ಮೊಟ್ಟೆಗೆ ಸಿದ್ಧಳಾಗುತ್ತಿದ್ದವಳು ಕೆಂಗಾಲಿ ಎಂಬ ಗುಪ್ಪೆಕೋಳಿ. ಬಿಸಿ ನೋಡುವುದರಲ್ಲಿ ಅವಳದು ವಿಪರೀತ ಕಟ್ಟುನಿಟ್ಟು. ಉಳಿದ ಕೋಳಿಗಳು "ಬಿಸಿ ಇದೆ" ಎನ್ನುತ್ತಿದ್ದವು, ಇಲ್ಲವೇ "ಬಿಸಿ ಇಲ್ಲ" ಎನ್ನುತ್ತಿದ್ದವು. ಕೆಂಗಾಲಿ "ನಿನ್ನೆಗಿಂತ ಎರಡು ಎಲೆಯಷ್ಟು ಹೆಚ್ಚು" ಎನ್ನುತ್ತಿದ್ದಳು. ಅದು ನಿಜವೂ ಆಗಿರುತ್ತಿತ್ತು. ಆದ್ದರಿಂದ ಅವಳನ್ನು ಯಾರೂ ಅಷ್ಟಾಗಿ ಇಷ್ಟಪಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಲೆಗಳು ಒಂದು ಮರದ ಪೆಟ್ಟಿಗೆಯನ್ನು ದಡಕ್ಕೆ ತಂದು ಹಾಕಿದವು. ಪೆಟ್ಟಿಗೆಯೊಳಗಿಂದ ಕಂದುಬಣ್ಣದ ಒಂದು ಪ್ರಾಣಿ ಇಳಿಯಿತು. ಅದು ಮುಂಗುಸಿ. ಪಾದಗಳು ಪುಟ್ಟವು, ಕಿವಿಗಳು ದುಂಡಗಿನವು, ಬಾಲ ಪೊದೆಯಂತಹದು. ಯಾರೂ ಓಡಲಿಲ್ಲ. ಒಂದು ಹುಂಡುಕೋಳಿಯಂತೂ ಹತ್ತಿರ ಬಂದು ಅದರ ಬಾಲವನ್ನು ಕುಕ್ಕಿ ನೋಡಿತು.

"ನಾನು ಪಿಂಗಳಾಕ್ಷ," ಎಂದನು ಮುಂಗುಸಿ. "ಏಳು ದೇಶ ಸುತ್ತಿದವನು. ಈ ದ್ವೀಪದಲ್ಲಿ ಹಾವು ಎಷ್ಟಿವೆ?"

"ಹಾವು ಎಂದರೇನು?" ಎಂದು ಕೇಳಿದನು ಗಿಡ್ಡಪ್ಪ. ಬಾಲ ಕುಕ್ಕಿದ ಹುಂಡುಕೋಳಿ ಅವನೇ.

ಪಿಂಗಳಾಕ್ಷ ಕರುಣೆಯಿಂದ ಕಣ್ಣು ಮುಚ್ಚಿದನು. "ಅದೂ ಗೊತ್ತಿಲ್ಲವೇ? ಹಾಗಾದರೆ ಬಹಳ ಇವೆ. ಇರುವುದು ಗೊತ್ತಾಗದಂತೆ ಇರುವುದೇ ಹಾವಿನ ಲಕ್ಷಣ. ಬಳ್ಳಿಯ ಹಾಗೆ ಉದ್ದ. ಕಾಲಿಲ್ಲ, ಕಿವಿಯಿಲ್ಲ, ಮೈಮೇಲೆ ಒಂದು ಕೂದಲಿಲ್ಲ. ಮೊಟ್ಟೆಯೆಂದರೆ ಅದಕ್ಕೆ ಪ್ರಾಣ."

ಎಲ್ಲರಿಗಿಂತ ಹಿರಿಯಳಾದ ಆಮೆ ಮಂದವ್ವ ಕತ್ತು ಹೊರಗೆ ಚಾಚಿದಳು. "ಇನ್ನೂರು ವರ್ಷದಿಂದ ಇಲ್ಲೇ ತೆವಳುತ್ತಿದ್ದೇನಪ್ಪ. ನಾನು ನೋಡಿಲ್ಲವಲ್ಲ."

"ನೋಡಿದ್ದರೆ ನೀವು ಉಳಿದಿರುತ್ತಿದ್ದಿರಾ, ಅಜ್ಜಿ?"

ಮಂದವ್ವ ಮಧ್ಯಾಹ್ನದವರೆಗೆ ಯೋಚಿಸಿದಳು. ಉತ್ತರ ಸಿಗಲಿಲ್ಲ. ಉತ್ತರ ಸಿಗದ ಮಾತು ನಿಜವೇ ಇರಬೇಕೆಂದು ತೀರ್ಮಾನಿಸಿ ಕತ್ತನ್ನು ಒಳಗೆಳೆದುಕೊಂಡಳು. ಆ ದ್ವೀಪದಲ್ಲಿ ಅದುವರೆಗೆ ಯಾರೂ ಇಲ್ಲದ ವಸ್ತುವಿನ ಬಗ್ಗೆ ಮಾತನಾಡಿರಲಿಲ್ಲ. ಮಾತು ಇದೆಯೆಂದ ಮೇಲೆ ವಸ್ತುವೂ ಇರಲೇಬೇಕು ಎಂಬುದು ಅಲ್ಲಿನವರ ಲೆಕ್ಕ.

ಕೆಂಗಾಲಿ ಒಂದನ್ನು ಗಮನಿಸಿದಳು. ಪಿಂಗಳಾಕ್ಷ ಮಾತನಾಡುವಾಗ ಅವನ ಕಣ್ಣು ಯಾರ ಮುಖದ ಮೇಲೂ ಇರಲಿಲ್ಲ. ಗುಪ್ಪೆಗಳ ಮೇಲಿತ್ತು.

ಮಾರನೆಯ ದಿನವೇ ಹೊಸ ವ್ಯವಸ್ಥೆ ಬಂದಿತು. ಕೋಳಿಗಳು ತಮ್ಮ ತಮ್ಮ ಗುಪ್ಪೆಗಳಲ್ಲಿ ದಿಕ್ಕಿಗೊಂದರಂತೆ ಮೊಟ್ಟೆಯಿಟ್ಟರೆ ಕಾಯುವುದು ಹೇಗೆ? ಇನ್ನು ಮುಂದೆ ಎಲ್ಲರೂ ದೊಡ್ಡ ಸುರಹೊನ್ನೆಯ ಕೆಳಗೆ ಒಂದೇ ಗುಪ್ಪೆಯಲ್ಲಿ ಸಾಲಾಗಿ ಮೊಟ್ಟೆ ಹೂಳಬೇಕು. ಕಾವಲಿಗೆ ಪಿಂಗಳಾಕ್ಷ ನಿಲ್ಲುತ್ತಾನೆ. ಸಂಬಳ ಬೇಡ, ಸನ್ಮಾನ ಬೇಡ. ಹಾವು ಬರುವುದು ನೆತ್ತಿಯ ಮೇಲೆ ಸೂರ್ಯ ಬಂದಾಗ. ಆದ್ದರಿಂದ ಎರಡು ನಿಯಮ.

ನಿಯಮಗಳನ್ನು ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿದವನು ಗಿಡ್ಡಪ್ಪ. ರೆಕ್ಕೆ ಇದ್ದೂ ಹಾರದವನಿಗೆ ಜೀವನದಲ್ಲಿ ಮೊದಲ ಬಾರಿಗೆ ಒಂದು ಉದ್ಯೋಗ ಸಿಕ್ಕಿತ್ತು. ಬೆಳಿಗ್ಗೆ ಸಂಜೆ ದಡದ ಉದ್ದಕ್ಕೂ ಕೂಗಿಕೊಂಡು ಓಡಾಡುತ್ತಿದ್ದನು.

"ನಿಯಮ ಒಂದು! ನಡುಹಗಲಿನಲ್ಲಿ ಯಾರೂ ಗುಪ್ಪೆಯ ಬಳಿ ಸುಳಿಯಬಾರದು! ನಿಯಮ ಎರಡು! ಗುಪ್ಪೆಯ ಕಡೆಯಿಂದ ಎಂತಹ ಕೂಗು ಕೇಳಿದರೂ ನೂರು ಹೆಜ್ಜೆ ದೂರವೇ ನಿಲ್ಲಬೇಕು!"

ಅಷ್ಟೇ ಅಲ್ಲ. ಎಲ್ಲರಿಗೂ ಗುರುತು ಇರಲೆಂದು ಕೇದಿಗೆಯ ನೆರಳಿನ ಒದ್ದೆ ಮರಳಿನಲ್ಲಿ ಅವನು ಕೊಕ್ಕಿನಿಂದ ಹಾವಿನ ಚಿತ್ರವನ್ನೂ ಬರೆದನು. ಅದು ಒಂದು ಉದ್ದ ಗೆರೆ. ಎಲ್ಲರೂ ಬಂದು ನೋಡಿ ಹೆದರಿಕೊಂಡು ಹೋದರು.

ಹೊಸ ಗುಪ್ಪೆಯಲ್ಲಿ ಕೋಳಿಗಳು ಒಂದೊಂದಾಗಿ ಮೊಟ್ಟೆ ಹೂತವು. ಕೆಂಗಾಲಿಯೂ ಹೂತಳು. ಅವಳದು ನಾಲ್ಕನೆಯ ಸಾಲು, ಪೂರ್ವದ ತುದಿ. ಸಮುದ್ರದ ಗಾಳಿ ತಾಗದ, ಬಿಸಿ ಏರುಪೇರಾಗದ ಜಾಗವನ್ನು ಮೂರು ದಿನ ಕೊಕ್ಕು ತೂರಿಸಿ ನೋಡಿ ಆರಿಸಿದ್ದಳು.

ಹತ್ತು ದಿನ ಎಲ್ಲ ಸರಿಯಾಗಿತ್ತು. ಹನ್ನೊಂದನೆಯ ದಿನ ಸಂಜೆ ಮೊದಲ ಸಾಲು ಬರಿದಾಗಿತ್ತು.

"ಹಾವು!" ಎಂದನು ಪಿಂಗಳಾಕ್ಷ, ಮೀಸೆ ಒರೆಸಿಕೊಳ್ಳುತ್ತ. "ಎಂತಹ ಹೋರಾಟ! ಒಂದು ಸಾಲು ಹೋಯಿತು. ಉಳಿದ ಸಾಲುಗಳನ್ನು ಹೇಗೋ ಉಳಿಸಿಕೊಂಡೆ."

ಕೋಳಿಗಳು ಅತ್ತವು. ಅತ್ತ ಮೇಲೆ ಕಾವಲುಗಾರನಿಗೆ ಕೃತಜ್ಞತೆ ಹೇಳಿದವು. ಕೆಂಗಾಲಿ ಅಳಲಿಲ್ಲ. ಅವಳು ನೆಲ ನೋಡಿದಳು. ಮರಿ ಹೊರಗೆ ಬಂದರೆ ಮಣ್ಣು ಕೆಳಗಿನಿಂದ ಮೇಲಕ್ಕೆ ಉಬ್ಬಿರುತ್ತದೆ. ಇಲ್ಲಿ ಮಣ್ಣನ್ನು ಮೇಲಿನಿಂದ ತೋಡಿ ಹಿಂದಕ್ಕೆ ಎಸೆಯಲಾಗಿತ್ತು. ಎಸೆದ ಮಣ್ಣಿನ ಮೇಲೆ ಹೆಜ್ಜೆಗಳಿದ್ದವು.

"ಹಾವಿಗೆ ಕಾಲಿಲ್ಲ ಎಂದಿರಿ," ಎಂದಳು ಕೆಂಗಾಲಿ. "ಇಲ್ಲಿ ಹೆಜ್ಜೆಯಿದೆ. ಒಂದೊಂದು ಹೆಜ್ಜೆಗೂ ಐದು ಬೆರಳು."

ಪಿಂಗಳಾಕ್ಷ ಬಾಗಿ ಹೆಜ್ಜೆಗಳನ್ನು ನೋಡಿದನು. ಆಮೇಲೆ ನಕ್ಕನು. "ಮಗೂ, ಕಾಲಿಲ್ಲದ್ದು ಸಣ್ಣ ಹಾವು. ವಯಸ್ಸಾದ ಹಾವಿಗೆ ಕಾಲು ಬರುತ್ತದೆ. ನಾಲ್ಕು ಕಾಲು. ಇಲ್ಲಿ ವಯಸ್ಸಾದ ಹಾವೇ ಇದೆ ಎಂದಾಯಿತು. ಪರಿಸ್ಥಿತಿ ನಾನು ಅಂದುಕೊಂಡದ್ದಕ್ಕಿಂತ ಗಂಭೀರ."

ಗಿಡ್ಡಪ್ಪ ಓಡಿಹೋಗಿ ಚಿತ್ರಕ್ಕೆ ನಾಲ್ಕು ಕಾಲು ಸೇರಿಸಿದನು. ಕಾಲಿಗೆ ಐದೈದು ಬೆರಳು.

ಮತ್ತೆ ಕೆಲವು ದಿನ ಕಳೆದವು. ಎರಡನೆಯ ಸಾಲು ಹೋಯಿತು. ಈ ಸಲ ಕೆಂಗಾಲಿ ಗುಪ್ಪೆಯ ಪಕ್ಕದ ಕೇದಿಗೆಯ ಬಳಿ ನಿಂತಳು. ಕೇದಿಗೆ ಎಲೆಯ ಅಂಚಿಗೆ ಮುಳ್ಳು. ಅದರ ಬದಿಯಿಂದ ಹಾದುಹೋದವರು ಏನಾದರೂ ಬಿಟ್ಟು ಹೋಗಲೇಬೇಕು. ಮುಳ್ಳಿನಲ್ಲಿ ಕಂದು ಕೂದಲ ಎಳೆಗಳು ಸಿಕ್ಕಿಕೊಂಡಿದ್ದವು. ಅವಳು ಅವನ್ನು ಕೊಕ್ಕಿನಲ್ಲಿ ಹಿಡಿದು ತಂದು ಎಲ್ಲರ ಮುಂದೆ ಇಟ್ಟಳು.

"ಹಾವಿನ ಮೈಮೇಲೆ ಒಂದು ಕೂದಲೂ ಇಲ್ಲ ಎಂದಿರಿ."

"ಬೇಸಿಗೆಯಲ್ಲಿ ಇಲ್ಲ ಎಂದೆ," ಎಂದನು ಪಿಂಗಳಾಕ್ಷ. "ಗಾಳಿಯ ಕಾಲದಲ್ಲಿ ಮೈತುಂಬ ಬರುತ್ತದೆ. ಬಾಲದಲ್ಲಂತೂ ಪೊದೆಯ ಹಾಗೆ."

ಗಿಡ್ಡಪ್ಪ ಚಿತ್ರಕ್ಕೆ ಕೂದಲು ಬರೆದನು. ಪೊದೆಬಾಲ ಬರೆಯುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಚೆನ್ನಾಗಿ ಬರೆದನು.

"ಸ್ವಾಮಿ," ಎಂದನು ಆಮೇಲೆ ಭಕ್ತಿಯಿಂದ, "ಅಂತಹ ಕಷ್ಟದಲ್ಲಿಯೂ ನೀವು ಎಷ್ಟು ಧೈರ್ಯವಾಗಿ ಇರುತ್ತೀರಿ! ಇವತ್ತು ನಡುಹಗಲಿನಲ್ಲಿ ನೂರು ಹೆಜ್ಜೆ ದೂರಕ್ಕೂ ನಿಮ್ಮ ಹಾಡು ಕೇಳಿಸಿತು. ಬಹಳ ಖುಷಿಯ ಹಾಡು."

ಪಿಂಗಳಾಕ್ಷನ ಮೀಸೆ ಅಲುಗುವುದು ನಿಂತಿತು. ಹೊಟ್ಟೆ ತುಂಬಿದಾಗ ಗುನುಗುವುದು ಅವನ ಅಭ್ಯಾಸವಾಗಿತ್ತು. ಅದು ಅಷ್ಟು ದೂರ ಕೇಳುತ್ತದೆಂದು ಅವನಿಗೆ ತಿಳಿದಿರಲಿಲ್ಲ.

"ನಾನು ಹಾಡಲಿಲ್ಲ," ಎಂದನು. "ಹಾಡಿದ್ದು ಹಾವು. ಹಾವು ಯಾರ ದನಿಯನ್ನಾದರೂ ಅನುಕರಿಸುತ್ತದೆ."

"ನಿಮ್ಮ ದನಿಯನ್ನೂ?" ಎಂದಳು ಕೆಂಗಾಲಿ.

"ನನ್ನ ದನಿಯನ್ನೇ ಮೊದಲು."

"ಹಾಗಾದರೆ ಗುಪ್ಪೆಯ ಕಡೆಯಿಂದ ನಿಮ್ಮ ದನಿಯಲ್ಲಿ ಏನು ಕೇಳಿದರೂ ಅದು ನೀವಲ್ಲ."

"ನಾನಲ್ಲ."

"'ನಾನೇ ಪಿಂಗಳಾಕ್ಷ' ಎಂದು ಕೂಗಿದರೂ?"

"ಕೂಗಿದರಂತೂ ಖಂಡಿತ ನಾನಲ್ಲ! ನಾನು ಕೂಗುವವನೇ ಅಲ್ಲ!" ಪಿಂಗಳಾಕ್ಷ ಎದೆಯುಬ್ಬಿಸಿದನು. "ಗಿಡ್ಡಪ್ಪ, ಇದನ್ನು ನಿಯಮ ಮೂರು ಎಂದು ಸೇರಿಸು."

ಗಿಡ್ಡಪ್ಪ ಸೇರಿಸಿದನು. ಕೆಂಗಾಲಿ ಅದನ್ನು ಅವನಿಂದ ಎರಡು ಸಲ ಹೇಳಿಸಿ ಕೇಳಿಕೊಂಡಳು.

ಮೂರನೆಯ ಸಾಲು ಮರುದಿನವೇ ಹೋದಾಗ ಅವಳು ಗುಪ್ಪೆಯ ಹಿಂದಿನ ಬಂಡೆಯನ್ನು ನೋಡಿದಳು. ಬಂಡೆಯ ಬುಡದಲ್ಲಿ ಚಿಪ್ಪಿನ ಚೂರುಗಳು ಚೆಲ್ಲಿದ್ದವು. ಎದುರಿಗೆ ಹಿಂಗಾಲುಗಳ ಗುರುತು ಆಳವಾಗಿ ಊರಿತ್ತು. ಬೆರಳುಗಳ ಮೊನೆ ಬಂಡೆಯ ಕಡೆಗಿರಲಿಲ್ಲ, ಅದರ ವಿರುದ್ಧ ದಿಕ್ಕಿಗಿತ್ತು. ತಿಂದವನು ಬಂಡೆಗೆ ಬೆನ್ನು ಹಾಕಿ ನಿಂತು, ಮೊಟ್ಟೆಯನ್ನು ತನ್ನ ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಎಸೆದು ಒಡೆದಿದ್ದನು. ಅಂದು ಬೆಳಿಗ್ಗೆಯಷ್ಟೇ ಪಿಂಗಳಾಕ್ಷ ದಡದಲ್ಲಿ ಒಂದು ಗಟ್ಟಿ ಶಂಖದ ಹುಳುವನ್ನು ಹಾಗೆಯೇ ಎಸೆದು ಒಡೆದು ತಿಂದದ್ದನ್ನು ಅವಳು ನೋಡಿದ್ದಳು.

ಅವಳು ಮಂದವ್ವನ ಬಳಿ ಹೋದಳು. ಹೆಜ್ಜೆ, ಕೂದಲು, ಚಿಪ್ಪು ಎಲ್ಲವನ್ನೂ ಒಂದಾದ ಮೇಲೊಂದರಂತೆ ಹೇಳಿದಳು. ಮಂದವ್ವ ಕೊನೆಯವರೆಗೂ ಕೇಳಿದಳು.

"ಅವನೇ ತಿಂದನು ಎನ್ನುತ್ತೀಯಾ?"

"ಹೌದು, ಅಜ್ಜಿ."

"ಅವನು ತಿಂದಿಲ್ಲ ಎಂದನಲ್ಲ, ಮಗಳೇ."

"ಎಂದನು."

"ಮತ್ತೆ? ತಿಂದಿದ್ದರೆ ತಿಂದೆ ಎನ್ನುತ್ತಿದ್ದನು." ಮಂದವ್ವನಿಗೆ ಅವಳ ಬಗ್ಗೆ ನಿಜವಾಗಿಯೂ ಮರುಕವೆನಿಸಿತು. "ಮೊದಲ ಮೊಟ್ಟೆ ಇಟ್ಟಾಗ ಹೀಗೇ ಆಗುತ್ತದೆ ಕಣೇ. ಹೋಗಿ ಸ್ವಲ್ಪ ನೆರಳಿನಲ್ಲಿ ಕೂತುಕೋ."

ಕೆಂಗಾಲಿ ನೆರಳಿನಲ್ಲಿ ಕೂತುಕೊಳ್ಳಲಿಲ್ಲ. ಸಿಟ್ಟಿನಿಂದ ಅವಳ ಕಾಲು ಇನ್ನಷ್ಟು ಕೆಂಪಾಗಿತ್ತು. ಆದರೆ ಸಿಟ್ಟನ್ನೂ ಅವಳು ಗುಪ್ಪೆಯ ಬಿಸಿಯಂತೆಯೇ ನೋಡಿಕೊಳ್ಳುತ್ತಿದ್ದಳು. ಹೆಚ್ಚಾಗಲು ಬಿಟ್ಟರೆ ಒಳಗಿರುವುದು ಬೆಂದುಹೋಗುತ್ತದೆ. ತಣ್ಣಗಾಗಲು ಬಿಟ್ಟರೆ ಏನೂ ಹುಟ್ಟುವುದಿಲ್ಲ. ಇನ್ನು ಉಳಿದಿದ್ದುದು ನಾಲ್ಕನೆಯ ಸಾಲು. ಪೂರ್ವದ ತುದಿಯಲ್ಲಿ ಅವಳ ಮೊಟ್ಟೆ. ಅದನ್ನು ಎತ್ತಿ ಬೇರೆಡೆಗೆ ಒಯ್ಯುವಂತಿರಲಿಲ್ಲ. ಒಯ್ದರೆ ಅವಳೇ ಕೊಂದಂತೆ. ತೋಡಿದ ಮಣ್ಣಿನ ಗುರುತು ನೋಡಿದರೆ ಪಿಂಗಳಾಕ್ಷ ಯಾವಾಗಲೂ ಪೂರ್ವದಿಂದಲೇ ಶುರುಮಾಡುತ್ತಿದ್ದನು.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಅವಳು ತೆಂಗಿನ ಬುಡದ ಒಂದು ಬಿಲದ ಮುಂದೆ ನಿಂತಿದ್ದಳು. ಅದು ಇಕ್ಕಳಪ್ಪನ ಮನೆ. ಇಕ್ಕಳಪ್ಪ ತೆಂಗಿನಕಾಯಿಯನ್ನು ಬರಿಗೈಯಲ್ಲಿ ಸುಲಿದು ಒಡೆಯುವ ದೊಡ್ಡ ಏಡಿ. ಕತ್ತಲಾದ ಮೇಲೆ ತಿರುಗಾಟ, ಹಗಲೆಲ್ಲ ನಿದ್ದೆ.

"ಮಾವ, ಇದ್ದೀರಾ?"

"ಇದ್ದೇನೆ. ಎದ್ದಿಲ್ಲ."

"ಒಂದು ಮಾತು."

"ಸಂಜೆ."

"ಸಂಜೆಗೆ ನನ್ನ ಮೊಟ್ಟೆ ಇರುವುದಿಲ್ಲ."

ಬಿಲದೊಳಗಿಂದ ಒಂದು ಇಕ್ಕಳ ಹೊರಗೆ ಬಂದಿತು. ಸ್ವಲ್ಪ ಹೊತ್ತಿನ ಮೇಲೆ ಎರಡು ಕಣ್ಣುಗಳು ಬಂದವು. "ಯಾರು ತಿನ್ನುವುದು?"

"ಹಾವು ಎನ್ನುತ್ತಾರೆ. ನನ್ನ ಪ್ರಕಾರ ಕಾವಲುಗಾರ."

"ಮೊಟ್ಟೆಯನ್ನೇ?" ಇಕ್ಕಳಪ್ಪನಿಗೆ ಆಶ್ಚರ್ಯವಾಯಿತು. "ಸುಲಿಯುವುದಿಲ್ಲ, ಒಡೆಯುವುದಿಲ್ಲ, ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅದರಲ್ಲಿ ಏನು ಮರ್ಯಾದೆಯಿದೆ? ನನ್ನಿಂದ ಏನಾಗಬೇಕು?"

"ಏನೂ ಇಲ್ಲ. ನೀವು ಇವತ್ತು ನಮ್ಮ ಗುಪ್ಪೆಯಲ್ಲಿ ಮಲಗಬೇಕು. ಈ ಬಿಲಕ್ಕಿಂತ ಅಲ್ಲಿ ಬೆಚ್ಚಗಿದೆ. ನಿನ್ನೆ ಸಂಜೆ ನೋಡಿದ್ದೇನೆ, ನಿಮ್ಮ ಮೈಗೆ ಹೇಳಿ ಮಾಡಿಸಿದ ಬಿಸಿ."

"ನನ್ನ ನಿದ್ದೆ ಕೆಡಿಸಿದರೆ?"

"ಯಾರಾದರೂ ಕೆಡಿಸಿದರೆ ನೀವು ಸಾಮಾನ್ಯವಾಗಿ ಏನು ಮಾಡುತ್ತೀರೋ ಅದನ್ನೇ ಮಾಡಿ."

"ಹಿಡಿದುಕೊಳ್ಳುತ್ತೇನೆ."

"ಹಿಡಿದುಕೊಂಡ ಮೇಲೆ?"

"ಮತ್ತೆ ಮಲಗುತ್ತೇನೆ." ಇಕ್ಕಳಪ್ಪ ಯೋಚಿಸಿ ಸೇರಿಸಿದನು, "ಮಲಗಿದಾಗ ಇಕ್ಕಳ ಬಿಡುವುದು ನನಗೆ ಆಗುವುದಿಲ್ಲ. ಮೊದಲೇ ಹೇಳಿರುತ್ತೇನೆ."

"ಅದಕ್ಕೇ ನಿಮ್ಮ ಹತ್ತಿರ ಬಂದೆ, ಮಾವ."

ಬೆಳಗಿನ ಬಿಸಿ ನೋಡುವ ಹೊತ್ತಿನಲ್ಲಿ, ಪಿಂಗಳಾಕ್ಷ ದಡದಲ್ಲಿ ಶಂಖದ ಹುಳು ಹುಡುಕುತ್ತಿದ್ದಾಗ, ಅವಳು ಗುಪ್ಪೆಯ ಪೂರ್ವದ ತುದಿಯನ್ನು ತನ್ನ ಮೊಟ್ಟೆ ಅಲುಗದಂತೆ ಮೇಲ್ಮೇಲೆ ತೋಡಿದಳು. ಇಕ್ಕಳಪ್ಪ ಒಳಗಿಳಿದು, ಮೊಟ್ಟೆಗೂ ಹೊರಗಿನ ಜಗತ್ತಿಗೂ ನಡುವೆ ಕಾಲು ಮಡಿಚಿ ಕೂತನು. ಅವಳು ಎಲೆ ಹೊದಿಸಿದಳು. ಯಾರಿಗೂ ಸುಳ್ಳು ಹೇಳಲಿಲ್ಲ. ಯಾರೂ ಅವಳನ್ನು ಏನೂ ಕೇಳಲೂ ಇಲ್ಲ.

ಸೂರ್ಯ ನೆತ್ತಿಗೇರಿದನು. ಗಿಡ್ಡಪ್ಪ ಎಲ್ಲರನ್ನೂ ಎಣಿಸಿ ನೂರು ಹೆಜ್ಜೆ ದೂರದ ನೆರಳಿನಲ್ಲಿ ಕೂರಿಸಿದನು. ಕೆಂಗಾಲಿಯೂ ಕೂತಳು. ಮೊದಲು ಅಲೆಯ ಸದ್ದು ಮಾತ್ರ ಇತ್ತು. ಆಮೇಲೆ ಎಲೆ ಕೆದರುವ ಸದ್ದು ಬಂದಿತು.

ಆಮೇಲೆ ಒಂದು ಕಿರುಚಾಟ ಬಂದಿತು. ಅಂತಹ ಕಿರುಚಾಟವನ್ನು ಆ ದ್ವೀಪ ಅದುವರೆಗೆ ಕೇಳಿರಲಿಲ್ಲ. ಕೇದಿಗೆಯ ಮೇಲೆ ಕೂತಿದ್ದ ಕಡಲಹಕ್ಕಿಗಳೆಲ್ಲ ಒಮ್ಮೆಲೆ ಎದ್ದವು.

"ಕಾಪಾಡಿ! ಓಡಿ ಬನ್ನಿ! ನನ್ನ ಕೈ! ನಾನು ಪಿಂಗಳಾಕ್ಷ!"

ನೆರಳಿನಲ್ಲಿದ್ದವರೆಲ್ಲ ಗಿಡ್ಡಪ್ಪನ ಮುಖ ನೋಡಿದರು. ಗಿಡ್ಡಪ್ಪ ಎದ್ದು ನಿಂತು, ರೆಕ್ಕೆ ಚಾಚಿ ಎಲ್ಲರನ್ನೂ ತಡೆದನು.

"ನಿಯಮ ಎರಡು! ಎಂತಹ ಕೂಗು ಕೇಳಿದರೂ ನೂರು ಹೆಜ್ಜೆ! ನಿಯಮ ಮೂರು! 'ನಾನು ಪಿಂಗಳಾಕ್ಷ' ಎಂದರಂತೂ ಖಂಡಿತ ಅವರಲ್ಲ!"

"ಎಷ್ಟು ಚೆನ್ನಾಗಿ ಅನುಕರಿಸುತ್ತದೆ!" ಎಂದಿತು ಒಂದು ಕೋಳಿ. "ದನಿ ಹಾಗೇ ಇದೆ."

"ಗಿಡ್ಡಪ್ಪಾ! ಲೋ ಗಿಡ್ಡಪ್ಪಾ! ನಾನು ಕಣೋ!"

"ಅವರು ನನ್ನನ್ನು ಎಂದೂ 'ಲೋ' ಎಂದಿಲ್ಲ," ಎಂದನು ಗಿಡ್ಡಪ್ಪ. ಅವನ ಕಣ್ಣಲ್ಲಿ ನೀರು ಬಂದಿತು. "ಅಷ್ಟು ಮರ್ಯಾದಸ್ಥರು."

ನೆರಳು ಉದ್ದವಾಯಿತು. ಕೂಗು ನಿಲ್ಲಲಿಲ್ಲ. "ಹಾವಿಲ್ಲ! ಕೇಳಿಸುತ್ತಿದೆಯೇ? ಈ ದ್ವೀಪದಲ್ಲಿ ಹಾವೇ ಇಲ್ಲ! ಎಂದೂ ಇರಲಿಲ್ಲ!"

"ಹಾವು ಮತ್ತೇನನ್ನುತ್ತದೆ?" ಎಂದಳು ಮಂದವ್ವ.

ಕೆಂಗಾಲಿ ನಗಲಿಲ್ಲ. ಹಿಡಿತದಲ್ಲಿದ್ದವನು ಒದ್ದಾಡುತ್ತಿದ್ದನು, ಗುಪ್ಪೆ ಅದುರುತ್ತಿತ್ತು. ಅದರೊಳಗೆ ಒಂದು ಮೊಟ್ಟೆ ಅಲುಗದೆ ಇರಬೇಕಿತ್ತು. ಎದ್ದು ಓಡಬೇಕೆಂದು ಅವಳ ಕಾಲು ಮೂರು ಸಲ ಹೇಳಿತು. ಅವಳು ಓಡಿದರೆ ಎಲ್ಲರೂ ಓಡುತ್ತಾರೆ. ಓಡಿ ಹೋಗಿ ಅವನನ್ನು ಬಿಡಿಸುತ್ತಾರೆ. ಬಿಡಿಸಿದ ಮೇಲೆ ಅವನು ನಿಯಮ ನಾಲ್ಕು ಹೇಳುತ್ತಾನೆ. ಅವಳು ಉಗುರುಗಳನ್ನು ಮರಳಿನಲ್ಲಿ ಊರಿ ಕೂತಳು.

ಸೂರ್ಯ ಸಮುದ್ರಕ್ಕೆ ತಾಗುವ ಹೊತ್ತಿಗೆ ಇಕ್ಕಳಪ್ಪನಿಗೆ ಎಚ್ಚರವಾಯಿತು. ಅವನು ಆಕಳಿಸಿ, ಗುಪ್ಪೆಯಿಂದ ಎದ್ದು, ಇಕ್ಕಳದಲ್ಲಿ ಸಿಕ್ಕಿಕೊಂಡಿದ್ದುದನ್ನು ಎಳೆದುಕೊಂಡು ನೂರು ಹೆಜ್ಜೆ ನಡೆದು ಬಂದನು.

"ಯಾರದಪ್ಪಾ ಇದು?" ಎಂದು ಕೇಳಿದನು. "ಮಧ್ಯಾಹ್ನದಿಂದ ಕಿವಿಯ ಪಕ್ಕದಲ್ಲಿ ಒಂದೇ ಗಲಾಟೆ."

ಎಲ್ಲರೂ ಹಿಂದೆ ಸರಿದರು. ಗಿಡ್ಡಪ್ಪ ಮಾತ್ರ ಕರ್ತವ್ಯ ಮರೆಯಲಿಲ್ಲ. ಮರಳಿನ ಚಿತ್ರದ ಪಕ್ಕದಲ್ಲಿ ನಿಂತು ಒಂದೊಂದನ್ನೇ ಹೋಲಿಸಿದನು.

"ಕಾಲು ನಾಲ್ಕು. ಸರಿ. ಬೆರಳು ಐದೈದು. ಸರಿ. ಮೈಮೇಲೆ ಕಂದು ಕೂದಲು. ಸರಿ. ಪೊದೆಬಾಲ…" ಅವನು ಬಾಲವನ್ನು ಕುಕ್ಕಿ ನೋಡಿದನು. "ಸರಿ. ಇದು ಹಾವೇ."

"ನಾನು ಹಾವಲ್ಲ!" ಎಂದನು ಪಿಂಗಳಾಕ್ಷ. ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು. "ಹಾವಿಗೆ ಎಲ್ಲಾದರೂ ಕಾಲಿರುತ್ತದೆಯೇ, ಮೂರ್ಖರಾ?"

"ಇರುತ್ತದೆ," ಎಂದನು ಗಿಡ್ಡಪ್ಪ ಗಂಭೀರವಾಗಿ. "ಪಿಂಗಳಾಕ್ಷ ಸ್ವಾಮಿಗಳೇ ಹೇಳಿದ್ದಾರೆ."

ಮಂದವ್ವ ಸುತ್ತ ನೋಡಿದಳು. "ಹಾವು ಸಿಕ್ಕಿತು. ನಮ್ಮ ಕಾವಲುಗಾರ ಎಲ್ಲಿ? ಕಾಣುತ್ತಿಲ್ಲವಲ್ಲ." ಎಲ್ಲರೂ ಗುಪ್ಪೆಯ ಕಡೆ ಕಣ್ಣು ಹಾಯಿಸಿದರು. ಆಮೇಲೆ ಕೋಳಿಗಳು ಒಂದೊಂದಾಗಿ ಅಳತೊಡಗಿದವು. ಅಷ್ಟು ದೂರದಿಂದ ಬಂದು, ಸಂಬಳವಿಲ್ಲದೆ ದುಡಿದು, ಕೊನೆಗೆ ಹಾವಿನ ಬಾಯಿಗೆ ಬಿದ್ದರಲ್ಲ ಎಂದು ಪಿಂಗಳಾಕ್ಷನ ಎದುರಿಗೇ ಪಿಂಗಳಾಕ್ಷನಿಗಾಗಿ ಅತ್ತವು. ಗಿಡ್ಡಪ್ಪ ಒಂದು ನೆನಪಿನ ಕಲ್ಲು ನಿಲ್ಲಿಸುವ ಮಾತನ್ನೂ ಎತ್ತಿದನು.

ಕೆಂಗಾಲಿ ಇದನ್ನು ಇಲ್ಲಿಗೇ ಬಿಡಬಹುದಾಗಿತ್ತು. ಅವಳ ಮೊಟ್ಟೆ ಉಳಿದಿತ್ತು, ಕಳ್ಳ ಸಿಕ್ಕಿದ್ದನು. ಆದರೆ ಕಲ್ಲಿನ ಮಾತನ್ನು ಅವಳಿಗೆ ಸಹಿಸಲಾಗಲಿಲ್ಲ. ಕಲ್ಲು ನಿಂತರೆ ಮುಂದಿನ ಪೆಟ್ಟಿಗೆಯಲ್ಲಿ ಬರುವವನಿಗೆ ಅರ್ಧ ಕೆಲಸ ಮುಗಿದ ಹಾಗೆ.

"ಗಿಡ್ಡಪ್ಪಣ್ಣ," ಎಂದಳು, "ಈ ಚಿತ್ರ ಮೊದಲು ಹೇಗಿತ್ತು?"

"ಒಂದು ಗೆರೆ."

"ಕಾಲು ಯಾವಾಗ ಬಂದಿತು?"

"ನೀನು ಹೆಜ್ಜೆ ತೋರಿಸಿದ ಮೇಲೆ."

"ಕೂದಲು?"

"ನೀನು ಕೂದಲು ತಂದ ಮೇಲೆ." ಗಿಡ್ಡಪ್ಪನ ಕೊಕ್ಕು ನಿಧಾನವಾಗಿ ಕೆಳಗಿಳಿಯಿತು.

"ನಾನು ತೋರಿಸಿದ್ದೆಲ್ಲ ತಿಂದವನ ಗುರುತು. ಪ್ರತಿ ಸಲವೂ ಇವನು ಅದನ್ನು ಹಾವಿಗೆ ಅಂಟಿಸಿದನು. ಹಾವು ಬೆಳೆಯಲಿಲ್ಲ, ಮಾತು ಬೆಳೆಯಿತು. ಬೆಳೆದು ಬೆಳೆದು ಕೊನೆಗೆ ಹೇಳಿದವನಂತೆಯೇ ಆಯಿತು. ಈಗ ಈ ಚಿತ್ರವನ್ನೂ ನೋಡಿ, ಅಂದು ಪೆಟ್ಟಿಗೆಯಿಂದ ಇಳಿದವನನ್ನೂ ನೆನಪಿಸಿಕೊಳ್ಳಿ. ನಿಮ್ಮ ಕಾವಲುಗಾರನನ್ನು ಹಾವು ತಿಂದಿಲ್ಲ. ಅವನು ಇಲ್ಲೇ ಇದ್ದಾನೆ, ಮಾವನ ಇಕ್ಕಳದಲ್ಲಿ."

ಎಲ್ಲರೂ ನೋಡಿದರು. ಚಿತ್ರವನ್ನು ನೋಡಿದರು, ಪಿಂಗಳಾಕ್ಷನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು.

"ಅಂದರೆ…" ಗಿಡ್ಡಪ್ಪ ತಡವರಿಸಿದನು. "ಇಲ್ಲದ್ದನ್ನು ಇದೆ ಎಂದು… ಹೇಳಬಹುದೇ? ಬಾಯಿ ಬರುತ್ತದೆಯೇ?"

"ಕೆಲವರಿಗೆ ಬರುತ್ತದೆ ಎಂದಾಯಿತು," ಎಂದಳು ಮಂದವ್ವ. ಇನ್ನೂರು ವರ್ಷದಲ್ಲಿ ಅವಳು ಅಷ್ಟು ಬೇಗ ಉತ್ತರ ಕೊಟ್ಟದ್ದು ಅದೊಂದೇ ಸಲ. ಅವಳು ಕೆಂಗಾಲಿಯ ಕಡೆ ತಿರುಗಿದಳು. "ನಿನ್ನನ್ನು ನೆರಳಿನಲ್ಲಿ ಕೂತುಕೋ ಎಂದೆ, ಅಲ್ಲವೇ?"

"ಎಂದಿರಿ, ಅಜ್ಜಿ."

"ಆ ನೆರಳಿನಲ್ಲಿ ಇನ್ನು ನಾನು ಕೂರುತ್ತೇನೆ. ನೀನು ಮಾತಾಡು."

ಅಂದೇ ಪಿಂಗಳಾಕ್ಷನನ್ನು ಅವನು ಬಂದ ಪೆಟ್ಟಿಗೆಯಲ್ಲಿಯೇ ಕೂರಿಸಿದರು. ಇಕ್ಕಳಪ್ಪ ದೊಡ್ಡ ಮನಸ್ಸು ಮಾಡಿ ದಾರಿಗೆಂದು ಎರಡು ತೆಂಗಿನಕಾಯಿ ಕೊಟ್ಟನು. ಸುಲಿದು ಕೊಡಲಿಲ್ಲ. ಅಲೆ ಪೆಟ್ಟಿಗೆಯನ್ನು ಎತ್ತಿಕೊಂಡಾಗ ಪಿಂಗಳಾಕ್ಷ ಊದಿದ ಕೈಯನ್ನು ಮೇಲೆತ್ತಿ ಕೊನೆಯ ಸಲ ಪ್ರಯತ್ನಿಸಿದನು.

"ಯೋಚನೆ ಮಾಡಿ! ನಾನು ಹೋದರೆ ನಿಮ್ಮನ್ನು ಕಾಯುವವರು ಯಾರು?"

"ಯಾರಿಂದ?" ಎಂದು ಇಡೀ ದಡ ಒಟ್ಟಿಗೆ ಕೇಳಿತು.

ಅವನು ಬಾಯಿ ತೆರೆದನು. ಅಷ್ಟರಲ್ಲಿ ಪೆಟ್ಟಿಗೆ ದೂರ ಹೋಗಿತ್ತು.

ಗಿಡ್ಡಪ್ಪ ಮೂರು ನಿಯಮಗಳನ್ನೂ 'ಮರೆತೆ' ಎಂದು ದಡದ ಉದ್ದಕ್ಕೂ ಕೂಗಿಕೊಂಡು ಬಂದನು. ಚಿತ್ರವನ್ನು ಮಾತ್ರ ಅಳಿಸಲಿಲ್ಲ. ಅಲೆ ಅಳಿಸಿದಾಗಲೆಲ್ಲ ಮತ್ತೆ ಬರೆದನು. ಈಗ ಆ ದಡಕ್ಕೆ ಯಾರಾದರೂ ಬಂದು "ನಿಮಗೊಂದು ಅಪಾಯವಿದೆ" ಎಂದರೆ ಮಂದವ್ವ ಅವರನ್ನು ಆ ಚಿತ್ರದ ಪಕ್ಕದಲ್ಲಿ ಕೂರಿಸುತ್ತಾಳೆ. "ಮೊದಲು ಅದಕ್ಕೆ ಎಷ್ಟು ಕಾಲು ಎಂದು ಹೇಳಿಬಿಡು," ಎನ್ನುತ್ತಾಳೆ. "ಗಿಡ್ಡಪ್ಪ ಬರೆದುಕೊಳ್ಳುತ್ತಾನೆ. ಆಮೇಲೆ ಬದಲಾಯಿಸುವಂತಿಲ್ಲ."

ಪೆಟ್ಟಿಗೆ ಹೋದ ಮೇಲೆ ಕೆಂಗಾಲಿ ಒಂದು ತಿಂಗಳು ಕಾದಳು. ಮೊಟ್ಟೆ ಅಲುಗಿತ್ತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಬೆಳಿಗ್ಗೆ ಸಂಜೆ ಕೊಕ್ಕು ತೂರಿಸಿ ಬಿಸಿ ನೋಡಿದಳು, ಅಷ್ಟೆ. ಒಂದು ಬೆಳಿಗ್ಗೆ ಅವಳ ಕೊಕ್ಕಿನ ತುದಿಗೆ ಮಣ್ಣು ತಾನಾಗಿ ಅದುರಿತು. ಅವಳು ಹಿಂದೆ ಸರಿದು ನಿಂತಳು. ಮಣ್ಣು ಕೆಳಗಿನಿಂದ ಮೇಲಕ್ಕೆ ಉಬ್ಬಿತು. ಮಣ್ಣು ಮೆತ್ತಿದ ಒಂದು ಪುಟ್ಟ ತಲೆ ಹೊರಗೆ ಬಂದಿತು, ಹಿಂದೆಯೇ ಎರಡು ಕೆಂಪು ಕಾಲು. ಮರಿ ಒಮ್ಮೆ ಮೈ ಕೊಡವಿತು. ತಾಯಿಯ ಕಡೆ ನೋಡಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ಕಾಡಿನೊಳಗೆ ಓಡಿಹೋಯಿತು.

ಕೆಂಗಾಲಿ ಅದು ಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಖಾಲಿಯಾದ ಜಾಗಕ್ಕೆ ಕೊಕ್ಕು ತೂರಿಸಿದಳು. ಬಿಸಿ ನಿನ್ನೆಯಷ್ಟೇ ಇತ್ತು. ಒಂದು ಎಲೆಯಷ್ಟೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ.

ನೀತಿ: ಕಾಣದ ಶತ್ರುವಿನ ಹೆಸರು ಹೇಳಿ ಕಾವಲಿಗೆ ನಿಲ್ಲುವವನ ಹೆಜ್ಜೆಗುರುತನ್ನು ಮೊದಲು ನೋಡಬೇಕು.